ಕಾಡತೂಸು ತುಂಬುವ ಕೆಲಸಕ್ಕೆ ಆತುರ ಬೇಡ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಜನ ಹಾರಿಸಿದ ಕಾಡತೂಸನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳುತ್ತಾರೆ ಎಂಬ ಬರಹ ನಿಮ್ಮ ಪುರವಣಿಯಲ್ಲಿ ಬಂದಿತ್ತು. ಅರ್ಧ ಖರ್ಚು, ಗಂಟೆಗೆ ನೂರಾರು ಎಂದು ಅದರಲ್ಲಿತ್ತು. ನಾನು ಓಹಿಯೊದಲ್ಲಿದ್ದೇನೆ. ಗುರಿ ಅಭ್ಯಾಸಕ್ಕೆಂದು ಬಹಳ ವರ್ಷದಿಂದ ಈ ಕೆಲಸ ಮಾಡುತ್ತಾ ಬಂದವನು. ಇಲ್ಲಿನ ರೇಂಜಿಗೆ ಈಗ ನಮ್ಮ ಕನ್ನಡದ ಹುಡುಗ ಹುಡುಗಿಯರು ಜಾಸ್ತಿ ಬರುತ್ತಿದ್ದಾರೆ. ಆ ಬರಹ ಓದಿ ಅವರು ನೇರವಾಗಿ ದೊಡ್ಡ ಯಂತ್ರಕ್ಕೇ ಕೈ ಹಾಕಿಯಾರು ಎಂಬ ಚಿಂತೆಯಿಂದ ಬರೆಯುತ್ತಿದ್ದೇನೆ.

ಕಾಡತೂಸಿನಲ್ಲಿ ಇರುವುದು ನಾಲ್ಕೇ: ಹಿತ್ತಾಳೆಯ ಕೇಸ್, ಅದರ ತಳದಲ್ಲಿ ಕಿಡಿ ಕೊಡುವ ಪುಟ್ಟ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು. ಹಾರಿಸಿದ ಮೇಲೂ ಕೇಸ್ ಉಳಿಯುತ್ತದೆ. ಅದನ್ನು ಹಳೆಯ ಅಳತೆಗೆ ತಂದು ಮತ್ತೆ ತುಂಬಬಹುದು. ಗಂಟೆಗೆ ನೂರಾರು ತುಂಬಿಕೊಡುವುದು ಪ್ರೋಗ್ರೆಸ್ಸಿವ್ ಪ್ರೆಸ್ ಎಂಬ ದೊಡ್ಡ ಯಂತ್ರ. ಅದರ ಹಿಡಿ ಎಳೆದಾಗಲೆಲ್ಲ ಹಲವು ಕೇಸ್‌ಗಳ ಮೇಲೆ ಬೇರೆ ಬೇರೆ ಕೆಲಸ ಒಟ್ಟಿಗೆ ನಡೆಯುತ್ತದೆ. ಹೊಸಬರ ಕಣ್ಣು ಅಷ್ಟನ್ನೂ ಹಿಂಬಾಲಿಸುವುದು ಕಷ್ಟ. ಅವರಿಗೆ ಬೇಕಾದ್ದು ಸಿಂಗಲ್ ಸ್ಟೇಜ್ ಪ್ರೆಸ್. ಒಂದು ಸಲಕ್ಕೆ ಒಂದೇ ಕೇಸ್, ಒಂದೇ ಕೆಲಸ.

ಪಾಯಿಂಟ್ 38 ಸ್ಪೆಷಲ್ ಎಂಬ ರಿವಾಲ್ವರ್ ಕಾಡತೂಸನ್ನೇ ನೋಡಿ. 1890ರ ದಶಕದ ಕೊನೆಯಲ್ಲಿ, ಕರಿ ಮದ್ದಿನ ಕಾಲದಲ್ಲಿ ಬಂದ ಉದ್ದ ಕೇಸ್ ಅದು. ಈಗಿನ ಹೊಗೆಯಿಲ್ಲದ ಮದ್ದು ತಳದಲ್ಲಿ ಚಿಟಿಕೆಯಷ್ಟಿದ್ದರೆ ಸಾಕು. ತಪ್ಪಿ ಒಂದೇ ಕೇಸ್‌ಗೆ ಎರಡು ಸಲ ಮದ್ದು ಬಿದ್ದರೂ ಚೆಲ್ಲುವುದಿಲ್ಲ. ಗುಂಡು ಕೂರಿಸಿದ ಮೇಲೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಹಾರಿಸಿದಾಗ ರಿವಾಲ್ವರ್ರೇ ಒಡೆಯಬಹುದು. ಮದ್ದೇ ಬೀಳದಿದ್ದರೂ ಅಪಾಯವೇ. ಪ್ರೈಮರ್‌ನ ಬಲಕ್ಕೆ ಗುಂಡು ನಳಿಗೆಯೊಳಗೆ ಹೋಗಿ ಸಿಕ್ಕಿಕೊಳ್ಳಬಹುದು. ಟಪ್ ಅಂತ ಸಣ್ಣ ಸದ್ದು, ಅಷ್ಟೇ. ಅದನ್ನು ಗಮನಿಸದೆ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಹಾಗೆ ಉಬ್ಬಿದ ನಳಿಗೆಯೊಂದನ್ನು ನಮ್ಮ ರೇಂಜಿನ ಗೋಡೆಗೆ ತೂಗುಹಾಕಿದ್ದಾರೆ. ಕೈಯಾಡಿಸಿದರೆ ಮಧ್ಯದಲ್ಲಿ ಉಂಗುರ ತೊಡಿಸಿದಂತೆ ಸಿಗುತ್ತದೆ. ಹೊಸಬರನ್ನು ನಾನು ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ.

ಹಾಗಾಗಿ ಮದ್ದು ಹಾಕಿದ ಕೇಸ್‌ಗಳನ್ನು ಗುಳಿಯ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಟಾರ್ಚ್ ಹಿಡಿದು ಒಂದೊಂದರೊಳಗೂ ಇಣುಕಿ ನೋಡಬೇಕು. ಒಂದರಲ್ಲಿ ಮಟ್ಟ ಹೆಚ್ಚುಕಮ್ಮಿ ಕಂಡರೂ ಸುರಿದು ಮತ್ತೆ ತೂಗಬೇಕು.

ದುಡ್ಡು ಹಾಕುವುದಾದರೆ ಮೊದಲು ಒಳ್ಳೆಯ ಕೈಪಿಡಿಗೆ ಮತ್ತು ತಕ್ಕಡಿಗೆ ಹಾಕಿ. ಇಲ್ಲಿ ಮದ್ದು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಪೌಂಡ್‌ಗೆ 7,000 ಗ್ರೇನ್. ತಕ್ಕಡಿ ಒಂದು ಗ್ರೇನ್‌ನ ಹತ್ತನೇ ಒಂದು ಪಾಲನ್ನೂ ತೋರಿಸಬೇಕು. ಕೈಪಿಡಿಯಲ್ಲಿ ಶುರುವಿನ ಅಳತೆ, ಗರಿಷ್ಠ ಅಳತೆ ಎರಡೂ ಇರುತ್ತವೆ. ಶುರುವಿನದರಿಂದಲೇ ಶುರು ಮಾಡಿ. ವಿಡಿಯೊದಲ್ಲಿ ಯಾರೋ ಹೇಳಿದ ಅಳತೆ ಬೇಡವೇ ಬೇಡ. ಮೇಜಿನ ಮೇಲೆ ಒಂದೇ ಬಗೆಯ ಮದ್ದಿನ ಡಬ್ಬಿ ಇರಲಿ, ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಗುಂಡಿನಲ್ಲಿ, ಪ್ರೈಮರ್‌ನಲ್ಲಿ ಸೀಸ ಇರುತ್ತದೆ. ಅಡುಗೆಮನೆ ಮೇಜಿನ ಮೇಲೆ ಈ ಕೆಲಸ ಮಾಡಬೇಡಿ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಚಿಕ್ಕ ಮಕ್ಕಳಿರುವ ಮನೆಯವರಿಗೆ ಇದನ್ನು ಒತ್ತಿ ಹೇಳುತ್ತೇನೆ.

ಇನ್ನು ಉಳಿತಾಯ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ 9 ಎಂಎಂ ಕಾಡತೂಸಿಗೆ ಉಳಿಯುವುದು ಅಷ್ಟಕ್ಕಷ್ಟೇ. ದುಬಾರಿ ಕಾಡತೂಸಿಗೆ, ಅದರಲ್ಲೂ ರೈಫಲ್‌ನದಕ್ಕೆ, ಲಾಭ ಕಾಣುತ್ತದೆ.

ಆ ಬರಹ ಕಾನೂನಿನ ಮಾತೇ ಎತ್ತಲಿಲ್ಲ. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಸ್ವಂತ ಬಳಕೆಗೆ ತುಂಬಿಕೊಳ್ಳಲು ಲೈಸೆನ್ಸ್ ಬೇಡ, ಮಾರುವ ದಂಧೆಗೆ ಬೇಕು. ಭಾರತದಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಕೊಡಗಿನವರಿಗೆ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ಅದನ್ನು ನಂಬಿ ಯಾರೂ ಮನೆಯಲ್ಲಿ ಕಾಡತೂಸು ತುಂಬಲು ಹೋಗಬಾರದು. ಇಂಥ ಬರಹ ಇನ್ನೊಮ್ಮೆ ಹಾಕುವಾಗ ಈ ಎರಡು ಸಾಲನ್ನು ದಯವಿಟ್ಟು ಜೊತೆಗೆ ಸೇರಿಸಿ.

– ಒಬ್ಬ ಓದುಗ, ಕೊಲಂಬಸ್, ಓಹಿಯೊ