ಸುರ್ಕುಂಬಾ ರೆಸಿಪಿ ಸಾಕ್ರಿ, ತಕ್ಕಡಿ ಬಗ್ಗೆನೂ ಒಂದಿಷ್ಟು ಬರೀರಿ

ಸಂಪಾದಕರಿಗೆ ನಮಸ್ಕಾರ್ರೀ,

ರಮಜಾನ್ ಹಬ್ಬದ ಮರುದಿನ ನಿಮ್ಮ ಪೇಪರಿನಾಗ ಏನ್ ಬರತೈತಿ ಅಂತ ನಾ ಚಂದ್ರ ಕಾಣೋಕ್ಕಿಂತ ಮೊದಲ ಹೇಳತೀನಿ. ಈದ್ಗಾದಾಗ ಇಬ್ಬರು ಸಣ್ಣ ಹುಡುಗ್ರು ಟೊಪ್ಪಿಗಿ ಹಾಕ್ಕೊಂಡು ಅಪ್ಪಿಕೊಂಡಿರೋ ಫೋಟೋ, ಕೆಳಗ ಭಾವೈಕ್ಯದ ಹಬ್ಬ ಅಂತ ಹೆಡ್ಡಿಂಗ್, ಮಗ್ಗಲಿಗೆ ಸುರ್ಕುಂಬಾ, ಅಂದ್ರ ಶಾವಿಗಿ ಪಾಯಸ, ಮಾಡೋ ವಿಧಾನ. ತಪ್ಪು ಅಂತ ಅನ್ನಾಕತ್ತಿಲ್ಲ, ಹುಡುಗ್ರು ಚಂದನ ಕಾಣತಾವು. ಸುರ್ಕುಂಬಾದಾಗ ಮಾತ್ರ ಹೋದ ಸಲ ಶಾವಿಗಿ ತುಪ್ಪದಾಗ ಹುರಿಯೋದನ್ನ ಬಿಟ್ಟಿದ್ರಿ, ನಮ್ಮ ಮನ್ಯಾಗ ಹೆಂಗಸ್ರು ಓದಿ ನಕ್ಕಿದ್ದ ನಕ್ಕಿದ್ದು.

ನಾನು ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿನಾಗ ಒಂದು ದಲಾಲಿ ಅಂಗಡಿ ದಿವಾಣಜಿ. ಮೂವತ್ತೊಂದು ವರ್ಷ ಆತು ಕಿರ್ದಿ ಖತಾವಣಿ ಬರಕೋತ, ಈಗ ಕಂಪ್ಯೂಟರ್ ಬಂದೈತಿ ಅದಕ್ಕೊಂದು ಹುಡುಗನೂ ಬಂದಾನ, ಆದ್ರೂ ನನ್ನ ಕೆಂಪು ಅರಿವಿ ಕಿರ್ದಿ ನಾ ಬಿಟ್ಟಿಲ್ಲ. ಆ ಹುಡುಗ ಹೋದ ವಾರ ಚಾ ಕುಡಿಯೂ ಮುಂದ ಕೇಳಿದ, ಕಾಕಾ ನಿಮ್ಮ ಇಸ್ಲಾಂ ಅಂದ್ರ ನಮಾಜು, ರೋಜಾ, ಮಟನ್, ಇಷ್ಟ ಹೌದಿಲ್ಲೋ ಅಂತ. ಕೆಟ್ಟ ಮನಸ್ಸಿಲೆ ಕೇಳಿದ್ದಲ್ಲ, ಅಂವಾ ಮೊಬೈಲಿನಾಗ ನೋಡಿದ್ದು ಅಷ್ಟ, ಪೇಪರಿನಾಗ ಓದಿದ್ದೂ ಅಷ್ಟ. ಅವಂಗ ಹೇಳಿದ್ದನ್ನ ನಿಮಗೂ ಬರದು ಕಳಿಸ್ತೀನಿ, ಜಾಗ ಇದ್ರ ಹಾಕ್ರಿ.

ಬುನಾದಿ ಐದು. ಕಲಿಮಾ, ಅಂದ್ರ ಅಲ್ಲಾಹ ಒಬ್ಬನ, ಮುಹಮ್ಮದರು ಅವನ ಪ್ರವಾದಿ ಅಂತ ಒಪ್ಪಿಕೊಳ್ಳೋದು. ದಿನಕ್ಕ ಐದು ನಮಾಜು, ಫಜರ್, ಜೋಹರ್, ಅಸರ್, ಮಗ್ರಿಬ್, ಇಶಾ. ರಮಜಾನ್ ತಿಂಗಳ ರೋಜಾ, ಅಂದ್ರ ಉಪವಾಸ. ಜಕಾತ್, ಅದರ ಲೆಕ್ಕ ಮುಂದ ಹೇಳತೀನಿ. ತಾಕತ್ತಿದ್ದಾಂವಗ ಜೀವನದಾಗ ಒಂದು ಸಲ ಹಜ್. ನಂಬಿಕಿ ಅಂದ್ರ ದೇವದೂತರು, ಗ್ರಂಥಗಳು, ಪ್ರವಾದಿಗಳು, ಕಯಾಮತ್ ಅಂದ್ರ ಕಡೀ ತೀರ್ಪಿನ ದಿನ, ತಕದೀರ್ ಅಂದ್ರ ಹಣೆಬರಹ, ಇವನ್ನೂ ನಂಬಬೇಕು. ಪ್ರವಾದಿಗಳಂದ್ರ ಮುಹಮ್ಮದರು ಒಬ್ಬರ ಅಲ್ಲ, ಇಬ್ರಾಹಿಂ, ಮೂಸಾ, ಈಸಾ ಎಲ್ಲಾರೂ ಬರತಾರ, ಈಸಾ ಅಂದ್ರ ಏಸು, ಅವರ ತಾಯಿ ಮರಿಯಂ ಹೆಸರಿಲೆ ಕುರಾನಿನ್ಯಾಗ ಒಂದು ಸೂರಾನ, ಅಂದ್ರ ಅಧ್ಯಾಯನ ಐತಿ, 19ನೇದು. ಇದನ್ನ ಕೇಳಿ ಹುಡುಗ ಹೌದಾ ಅಂತ ಕಣ್ಣ ಬಿಟ್ಟ.

ಮಟನ್ ಬಗ್ಗೆ ಕೇಳಿದ್ನಲ್ಲ, ಅದಕ್ಕೂ ಹೇಳಿದೆ. 49ನೇ ಸೂರಾದಾಗ ಮಾಂಸದ ಮಾತು ಒಂದು ಬರತೈತಿ, ಬೆನ್ನ ಹಿಂದ ಒಬ್ಬರನ್ನ ಆಡಿಕೊಳ್ಳೋದು ಅಂದ್ರ ಸತ್ತ ಅಣ್ತಮ್ಮನ ಮಾಂಸ ತಿಂದಂಗ ಅಂತ. ಆ ಲೆಕ್ಕಕ್ಕ ನಮ್ಮ ಮಾರ್ಕೆಟ್ಟಿನ ಚಾದಂಗಡ್ಯಾಗ ಶಾಕಾಹಾರಿ ಒಬ್ಬನೂ ಸಿಗೂದಿಲ್ಲ.

ಈಗ ಎರಡು ಮೂರು ವರ್ಷದಿಂದ ರೋಜಾ ಸರೀ ಮೆಣಸಿನಕಾಯಿ ಸೀಜನ್ನಿಗೇ ಬರಾಕತ್ತಾವು. ಚಂದ್ರನ ವರ್ಷ 354 ದಿನದ್ದು, ಅದಕ್ಕ ರಮಜಾನ್ ವರ್ಷಕ್ಕ ಹತ್ತು ಹನ್ನೊಂದು ದಿನ ಮುಂಚೆ ಮುಂಚೆ ಸರೀತೈತಿ, ಮೂವತ್ತಮೂರು ವರ್ಷಕ್ಕ ಒಂದು ಸುತ್ತು, ಮಳಿ ಚಳಿ ಬಿಸಲು ಎಲ್ಲಾನೂ ನೋಡಿ ಬರತೈತಿ. ಫೆಬ್ರುವರಿ ಮಾರ್ಚ್ ಅಂದ್ರ ನಮ್ಮಲ್ಲಿ ಚೀಲದ ಮ್ಯಾಲ ಚೀಲ, ಗಾಳ್ಯಾಗ ಬರೀ ಘಾಟು, ಕೆಮ್ಮಿ ಕೆಮ್ಮಿ ಗಂಟಲು ಒಣಗಿರತೈತಿ ಒಂದು ಗುಟುಕು ನೀರು ಕುಡಿಯಂಗಿಲ್ಲ, ಹಮಾಲಿ ಹುಡುಗ್ರು ರೋಜಾ ಇಟ್ಟು ಚೀಲ ಹೊರತಾರ ಅವರ ಮುಂದ ನನ್ನದೇನ್ ದೊಡ್ಡದು. ಬ್ಯಾನಿ ಇದ್ದಾಂವಗ, ಪ್ರಯಾಣದಾಗ ಇದ್ದಾಂವಗ, ಬಸರಿ ಬಾಣಂತ್ಯಾರಿಗೆ ಮಾಫಿ ಐತಿ, ಆಮ್ಯಾಲ ಹಿಡದು ತೀರಿಸಬಹುದು, ಆಗೂದಿಲ್ಲ ಅನ್ನೋ ಮುದುಕ್ರು ದಿನಕ್ಕೊಬ್ಬ ಬಡವಗ ಊಟ ಹಾಕಿದ್ರ ಆತು. ಹೊಟ್ಟಿ ಖಾಲಿ ಇಟ್ಟಷ್ಟಕ್ಕ ರೋಜಾ ಆಗೂದಿಲ್ಲ ಅನ್ನೋದನ್ನ ಮಾತ್ರ ಯಾರೂ ಬರಿಯಂಗಿಲ್ಲ. ಸುಳ್ಳು ಬಿಡದಾಂವ ಅನ್ನ ನೀರು ಬಿಟ್ರ ಅಲ್ಲಾಹಗ ಅದರ ಜರೂರ್ ಇಲ್ಲ ಅನ್ನೋ ಅರ್ಥದ ಹದೀಸ್, ಅಂದ್ರ ಪ್ರವಾದಿಯವರ ಮಾತು, ಬುಖಾರಿ ಅನ್ನೋ ಹದೀಸ್ ಗ್ರಂಥದೊಳಗ ಐತಿ. ಮಾರ್ಕೆಟ್ಟಿನಾಗ ಸುಳ್ಳಿಲ್ದ ಒಂದು ದಿನ ಕಳಿಯೋದು ಹಸಿವಿಗಿಂತ ಬಿರಿ ಅಂತ ನಂದು ಅನುಭವ.

ಇಲ್ಲೇ ನಂದೊಂದು ಹೇಳಬೇಕು, ಹೇಳಾಕ ನಾಚಿಕಿ ಬರತೈತಿ. ಇಪ್ಪತ್ತರ ವಯಸ್ಸಿನ್ಯಾಗ ನಾ ಮೊದಲ ಬ್ಯಾರೆ ಕಡೆ ಕೆಲಸಕ್ಕಿದ್ದೆ, ಎಲ್ಲಿ ಅನ್ನೋದು ಬ್ಯಾಡ. ಸಂಜಿಮುಂದ ಮಾಲಿಗೆ ನೀರ ಚಿಮಕಿಸು ಅಂತ ಹೇಳೋರು. ಒಣ ಕಾಯಿ ನೀರು ಕುಡದ್ರ ತೂಕ ಬರತೈತಿ, ಬಣ್ಣನೂ ಮಿಂಚತೈತಿ. ಕೊಡ ತುಂಬಿಸಿಕೊಂಡು ಚಿಮಕಿಸಿ, ಅದ ನಳದಾಗ ನಮಾಜಿಗೆ ಅಂತ ಕೈಕಾಲು ಮಾರಿ ತೊಳಕೊಂಡು ವುಜೂ ಮಾಡಿ, ಅದ ತ್ವಾಯ್ದ ಕೈಯಿಲೆ ಮಗ್ರಿಬ್ ನಮಾಜಿಗೆ ಹೋಗಿ ನಿಂದರತಿದ್ದೆ. ಏನೂ ಅನಸ್ತಿರಲಿಲ್ಲ. ಒಂದು ಜುಮ್ಮಾ ದಿನ ಮೌಲಾನಾ ಬಯಾನಿನ್ಯಾಗ ಒಂದು ಹದೀಸ್ ಹೇಳಿದ್ರು. ಪ್ರವಾದಿಯವರು ಬಜಾರಿನಾಗ ಹೊಂಟಾಗ ಧಾನ್ಯದ ರಾಶಿ ಒಳಗ ಕೈ ಹಾಕಿದ್ರಂತ, ಬೊಟ್ಟಿಗೆ ಹಸಿ ಹತ್ತಿತು. ಇದೇನಪಾ ಅಂದ್ರ ವ್ಯಾಪಾರಿ ಮಳಿ ಬಂದು ತೊಯ್ದಾವ್ರಿ ಅಂದ. ಹಂಗಾರ ತೊಯ್ದದ್ದನ್ನ ಮ್ಯಾಲ ಇಡಬೇಕಿತ್ತಲ್ಲ, ಮಂದಿ ನೋಡ್ಲಿ, ಮೋಸ ಮಾಡಾಂವ ನನ್ನವ ಅಲ್ಲ ಅಂದ್ರು. ಮಸೀದ್ಯಾಗ ಇನ್ನೂರು ಮಂದಿ ಕುಂತಿದ್ರು, ನನಗ ನನ್ನ ಒಬ್ಬನ್ನ ನೋಡಿ ಹೇಳಿದಂಗಾತು. ಆ ಮಾಲು ಮಳಿಗೆ ತೊಯ್ದದ್ದರೀ, ನಾ ಕೊಡದಿಲೆ ತೊಯ್ಸಿದ್ದು! ಮುಂದಿನ ತಿಂಗಳ ಕೆಲಸ ಬಿಟ್ಟೆ. ದೊಡ್ಡಸ್ತನ ಅಲ್ಲ, ಬಿಡಾಕ ಒಂದು ತಿಂಗಳ ತಗೊಂಡೆ ಅನ್ನೋದನ್ನ ನೆನಪಿಡ್ರಿ, ಪಗಾರ ಬೇಕಿತ್ತು.

83ನೇ ಸೂರಾ ಶುರುವಾಗೋದ ಅಳತಿ ತೂಕದಾಗ ಮೋಸ ಮಾಡೋರಿಂದ. ತಾ ತಗೊಳ್ಳೂ ಮುಂದ ತುಂಬ ಅಳಿಸಿಕೊಳ್ಳತಾರ, ಕೊಡೂ ಮುಂದ ಕಡಿಮಿ ಮಾಡತಾರ, ಅವರಿಗೆ ನಾಶ ಐತಿ ಅಂತ. ನಮ್ಮ ಕಾಟಾದ ಮುಂದ ಬರದು ಹಚ್ಚಬೇಕು ಅದನ್ನ. ರೈತರೇನ್ ಕಡಿಮಿ ಇಲ್ಲ ಮತ್ತ, ಮ್ಯಾಲ ಕೆಂಪನ ಡಬ್ಬಿ ಜಾತಿ ಕಾಯಿ ಹಾಕಿ ನಡುವ ಬಣ್ಣ ಹೋದ ಬಿಳಿಗಾಯಿ ತುಂಬಿ ತರತಾರ. ಆದ್ರ ಅವರಿಂದ ಆಗೋ ನಷ್ಟ ನಮ್ಮ ಕಡಿಯಿಂದ ಅವರಿಗೆ ಆಗೋ ನಷ್ಟದ ಮುಂದ ಏನೂ ಅಲ್ಲ.

ಇನ್ನ ನನಗ ಭಾಳ ಸೇರೋ ಭಾಗ. ಇಡೀ ಕುರಾನಿನ್ಯಾಗ ಎಲ್ಲಾದಕ್ಕಿಂತ ಉದ್ದನ ಆಯತ್, ಅಂದ್ರ ವಾಕ್ಯ, ಯಾವುದರ ಬಗ್ಗೆ ಇರಬಹುದು ಹೇಳು ಅಂತ ಹುಡುಗಗ ಕೇಳಿದೆ. ಸ್ವರ್ಗ ಅಂದ, ಯುದ್ಧ ಅಂದ. ಅಲ್ಲೋ ತಮ್ಮಾ, ಉದ್ರಿ ಬಗ್ಗೆ ಅಂದೆ. ಎರಡನೇ ಸೂರಾದ 282ನೇ ಆಯತ್. ಸಾಲ ಕೊಟ್ಟು ತಗೊಂಡ್ರ ಬರದಿಡ್ರಿ, ಸಣ್ಣದಿರ್ಲಿ ದೊಡ್ಡದಿರ್ಲಿ ಬ್ಯಾಸರ ಮಾಡ್ಕೋಬ್ಯಾಡ್ರಿ, ಸಾಲ ತಗೊಂಡಾಂವ ಬಾಯಿಲೆ ಹೇಳಿ ಬರಸ್ಲಿ, ಸಾಕ್ಷಿ ಇಟ್ಕೋರಿ, ಬರಿಯಾಕ ಬರೋವ ಒಲ್ಲೆ ಅನಬಾರದು, ಕೈಯಾಗಿಂದ ಕೈಗೆ ರೊಕ್ಕದ ವ್ಯವಹಾರ ಇದ್ರ ಬರೀದಿದ್ರೂ ನಡೀತೈತಿ. ಕಡೀಕ ಬರಿಯಾಂವಗ, ಸಾಕ್ಷಿಗೆ ತ್ರಾಸ ಕೊಡಬ್ಯಾಡ್ರಿ ಅಂತನೂ ಐತಿ. ದಿವಾಣಜಿಗೆ ತ್ರಾಸ ಕೊಡಬ್ಯಾಡ ಅಂತ ದೇವರ ಹೇಳಿದ್ದು ನಮ್ಮ ಮಾಲಕರಿಗೆ ಯಾರಾದ್ರೂ ಓದಿ ಹೇಳ್ರೆಪಾ. ಅದಕ್ಕ ಎರಡು ಆಯತ್ ಹಿಂದ, ಸಾಲಗಾರ ಅಡಚಣಿಯೊಳಗ ಇದ್ರ ಟೈಮ್ ಕೊಡು, ಬಿಟ್ಟಬಿಟ್ರ ಇನ್ನೂ ಚಲೋ ಅಂತ ಐತಿ. ಬಡ್ಡಿ ಅಂತೂ ಹರಾಮ್. ಹರಾಮ್ ಅಂತ ಗೊತ್ತಿದ್ದೂ ಮಗಳ ಲಗ್ನಕ್ಕ ನಾನೂ ಬಡ್ಡಿ ಕಟ್ಟೀನಿ, ಅದನ್ನ ಮುಚ್ಚಿಟ್ಟು ಪತ್ರ ಬರದ್ರ ಹೆಂಗ.

ಸಾಲದ ಮಾತಿಗೆ ನಮ್ಮ ಅಬ್ಬಾ ನೆನಪಾಗತಾರ. ಅವರು ಹಳೀ ಗೋಣಿಚೀಲದ ವ್ಯಾಪಾರ ಮಾಡತಿದ್ರು, ಅಕ್ಷರ ಬರತಿರಲಿಲ್ಲ, ಅಂಕಿ ಅಷ್ಟ ಬರತಿದ್ದವು, ಮನಶ್ಯಾರ ಗುರುತಿಗೆ ಪುಸ್ತಕದಾಗ ಚಿತ್ರ ತಗೀತಿದ್ರು, ಒಬ್ಬಗ ಮೀಸಿ, ಒಬ್ಬಗ ಎತ್ತು, ಒಬ್ಬಗ ಬರೀ ಕೋಲು. ಅವರು ತೀರಿಕೊಂಡಾಗ ಜನಾಜಾ ನಮಾಜಿಗಿಂತ ಮೊದಲ ನಾ ಮುಂದ ನಿಂತು ಹೇಳಬೇಕಾತು, ನಮ್ಮ ತಂದಿ ಯಾರಿಗಾದ್ರೂ ಕೊಡೋದಿದ್ರ ನನ್ನ ಕೇಳ್ರಿ, ನಾ ತೀರಿಸ್ತೀನಿ ಅಂತ. ಇದು ನಮ್ಮಲ್ಲಿ ಪದ್ಧತಿ. ಸತ್ತಾಂವನ ಆಸ್ತಿಯೊಳಗ ಮಣ್ಣಿನ ಖರ್ಚು ತಗದು ಮೊದಲ ಸಾಲ ತೀರಿಸಬೇಕು, ಆಮ್ಯಾಲ ಮೃತ್ಯುಪತ್ರ, ಅದೂ ಮೂರನೇ ಒಂದು ಪಾಲಿನೊಳಗ, ಕಡೀಕ ಮಕ್ಕಳು ಮರಿ. ಮೂರು ವಾರ ಆದಮ್ಯಾಲ ಮೋಟೆಬೆನ್ನೂರು ಕಡೆಯ ಒಬ್ಬ ಲಿಂಗಾಯತ ಅಜ್ಜ ಬಂದ, ಚೀಲಕ್ಕ ಅಂತ 340 ರೂಪಾಯಿ ಮುಂಗಡ ಕೊಟ್ಟಿದ್ದೆ ತಮ್ಮಾ, ಚೀಲ ಬಂದಿಲ್ಲ ಅಂದ. ಪುಸ್ತಕ ತಗದು ನೋಡಿದ್ರ ಎತ್ತಿನ ಚಿತ್ರದ ಮುಂದ 180 ಐತಿ. ಇರಲಿ ಸತ್ತವರ ಲೆಕ್ಕದಾಗ ಅನುಮಾನ ಬ್ಯಾಡ ಅಂತ ನಾ 340 ಎಣಿಸಿ ಕೊಡಾಕ ಹೋದ್ರ ಅಜ್ಜ ಒಲ್ಲೆ ಅನ್ನಾಕತ್ತ, ನಿಮ್ಮಪ್ಪ ಬರದಾನಂದ್ರ ಅದ ಖರೆ, ನನಗ ಈಗೀಗ ನೆನಪ ಹಾರತೈತಿ ಅಂತಾನ. ಅರ್ಧಾ ತಾಸು ನಾ ತಗೋ ಅಂತೀನಿ ಅಂವ ಒಲ್ಲೆ ಅಂತಾನ, ಓಣಿ ಮಂದಿ ಜಗಳ ಅಂತ ತಿಳಕೊಂಡು ಕೂಡಿದ್ರು. 180 ತಗೊಂಡು, ಚಾ ಕುಡದು ಹೋದ. ಎತ್ತಿನ ಚಿತ್ರ ನಂದೇನಾ ಅಂತ ಕೇಳಿ ಭಾಳ ನಕ್ಕಿದ್ದ.

ಜಕಾತ್ ಬಗ್ಗೆ ಹುಡುಗ ಭಿಕ್ಷಾ ಅಂತ ತಿಳಕೊಂಡಿದ್ದ. ಭಿಕ್ಷಾ ಅಲ್ಲ, ಬಡವರ ಹಕ್ಕು, ಲೆಕ್ಕ ಹಾಕಿ ಕೊಡಬೇಕು. 7.5 ತೊಲಿ ಬಂಗಾರ ಇಲ್ಲಾ 52.5 ತೊಲಿ ಬೆಳ್ಳಿ, ಅಂದ್ರ ಸುಮಾರು 612 ಗ್ರಾಂ, ಅಷ್ಟು ಕಿಮ್ಮತ್ತಿನ ಗಂಟು ಚಂದ್ರನ ಒಂದು ವರ್ಷ ಕೈಯಾಗ ಉಳದಿದ್ರ ನೂರಕ್ಕ ಎರಡೂವರಿ, ಲಕ್ಷಕ್ಕ 2,500. ಇರೋ ಮನಿ, ಉಡೋ ಬಟ್ಟಿ, ಕಸುಬಿನ ಸಾಮಾನು ಲೆಕ್ಕಕ್ಕ ಬರೂದಿಲ್ಲ, ಅಂಗಡ್ಯಾಗಿನ ಮಾರೋ ಮಾಲು ಬರತೈತಿ. ಹೆಂಗಸರ ಬಂಗಾರದ ಮ್ಯಾಲ ವರ್ಷಾ ಮನ್ಯಾಗ ವಾದ, ನಮ್ಮದು ಹನಫಿ ಪಂಥ, ಹಾಕ್ಕೊಂಡ ಬಂಗಾರಕ್ಕೂ ಕೊಡಬೇಕು, ಭಟ್ಕಳ ಕಡೆ ಶಾಫಿಯವರು ದಿನಾ ಹಾಕ್ಕೊಳ್ಳೋದಕ್ಕ ಇಲ್ಲ ಅಂತಾರ, ನಮ್ಮ ಮನಿಯಾಕಿ ರಮಜಾನ್ ಬಂದಾಗ ಮಾತ್ರ ಭಟ್ಕಳದಾಕಿ ಆಗತಾಳ. ಕೊಡೋದು ಯಾರಿಗೆ ಅಂತನೂ ಕುರಾನ್ ಎಂಟು ಥರದವರನ್ನ ಹೇಳೇತಿ, ಬಡವರು, ಸಾಲದಾಗ ಮುಳುಗಿದವರು, ದಾರ್ಯಾಗ ರೊಕ್ಕಿಲ್ದ ಸಿಕ್ಕೊಂಡವರು ಹಿಂಗ. ತಾಯಿ ತಂದಿಗೆ, ಮಕ್ಕಳಿಗೆ ಜಕಾತ್ ಕೊಟ್ಟು ಕೈ ತೊಳಕೊಳ್ಳಾಕ ಬರೂದಿಲ್ಲ, ಅವರನ್ನ ಸಾಕೋದು ಹೆಂಗೂ ನಿನ್ನ ಕೆಲಸನ. ಬೆಳಿಗೂ ಐತಿ, ಉಶರ್ ಅಂತಾರ, ಮಳಿ ನಂಬಿದ ಹೊಲಕ್ಕ ಹತ್ತರಾಗ ಒಂದು ಪಾಲು, ನೀರ ಎತ್ತಿ ಹಾಯಿಸೋ ಹೊಲಕ್ಕ ಇಪ್ಪತ್ತರಾಗ ಒಂದು. ಅಂದ್ರ ಬೋರ್ ಹೊಡಿಸಿದಾಂವಗ ಅರ್ಧಾ ಮಾಫಿ ಏನ್ ಕಾಕಾ ಅಂದ ಹುಡುಗ. ರೈತರ ಮನಿ ಹುಡುಗ, ಬರೋಬ್ಬರಿ ಹಿಡದ.

ನಮ್ಮವರಿಗೂ ಎರಡು ಮಾತು. ಮೆಹರ್ ಅಂದ್ರ ಗಂಡು ಹೆಣ್ಣಿಗೆ ಕೊಡೋದು, ಅದು ಆಕಿ ಹಕ್ಕು. ನಾವೇನ್ ಮಾಡತೀವಿ, ಮೆಹರ್ ಉಧಾರ್ ಅಂತ ಕಾಗದದಾಗ ಬರಸ್ತೀವಿ, ಬೈಕು, ಕಪಾಟು, ಮಂಚ ಮಾತ್ರ ಹೆಣ್ಣಿನ ಕಡಿಯಿಂದ ನಗದ್ ಇಸಕೋತೀವಿ. ಹೆಣ್ಣುಮಕ್ಕಳ ಆಸ್ತಿ ಪಾಲು ನಾಕನೇ ಸೂರಾದಾಗ ಬಿಡಿಸಿ ಬರದೈತಿ, ಗಂಡಿನ ಅರ್ಧಾ. ಅರ್ಧಾ ಯಾಕ ಅಂತ ಮಂದಿ ಕೇಳತಾರ, ಕೇಳ್ಲಿ. ಆದ್ರ ಆ ಅರ್ಧಾನೂ ಎಷ್ಟು ಮನ್ಯಾಗ ಮುಟ್ಟೈತಿ? ತಂಗಿಗೆ ಒಂದು ಸೀರಿ ಉಡಿಸಿ ಹಕ್ಕ ಬಿಟ್ಟೆ ಅಂತ ಸಹಿ ಮಾಡಿಸಿಕೊಂಡು, ಮುಂದಿನ ವರ್ಷ ಮಕ್ಕಾದ ಉಮ್ರಾ ಯಾತ್ರಾಕ್ಕ ಹೋಗಿ ಬಂದು ಖಜೂರ ಹಂಚತೀವಿ. ನಮಾಜ್ ಮಾಡತಾರ ಆದ್ರ ಅನಾಥನ್ನ ದೂಡತಾರ, ಸಣ್ಣ ಪುಟ್ಟ ಕೈಗಡಾನೂ ಕೊಡಂಗಿಲ್ಲ ಅಂಥಾವರ ಬಗ್ಗೆ 107ನೇ ಸೂರಾನ ಐತಿ, ಏಳ ಆಯತ್‌ದ್ದು, ಸಣ್ಣದು, ನಮ್ಮಲ್ಲಿ ಹುಡುಗ್ರಿಗೂ ಬಾಯಿಪಾಠ. ಅರ್ಥ ಕೇಳಬ್ಯಾಡ್ರಿ.

ಸಂಪಾದಕರೇ, ಶಿಶುನಾಳ ಶರೀಫಜ್ಜ, ಮೊಹರಂ ಅಲಾಯಿ ಕುಣಿತ, ಇವನ್ನ ಬರೀಬ್ಯಾಡ್ರಿ ಅನ್ನೂದಿಲ್ಲ, ಅಜ್ಜ ನಮ್ಮ ಜಿಲ್ಲಾದಾಂವನ. ಆದ್ರ ಮುಂದಿನ ಹಬ್ಬಕ್ಕ ಒಂದು ಅರ್ಧಾ ಕಾಲಂ ನಿಮ್ಮ ಪೇಟಿ ಧಾರಣಿ ಪುಟದಾಗ ಕೊಡ್ರಿ, ಆ ಹಸಿ ರಾಶಿ ಕತಿ ಹಾಕ್ರಿ. ಆ ಪುಟಾನ ಎಲ್ಲಾ ಜಾತಿಯವರೂ ಓದತಾರ, ದಲಾಲ್ರು ಅಂತೂ ಮೊದಲ ತಗಿಯೋದ ಅದನ್ನ. ಶಾವಿಗಿ ತುಪ್ಪದಾಗ ಹುರಿಯೋದನ್ನೂ ಸೇರಿಸಿದ್ರ ಮನ್ಯಾಗಿನವರಿಗೆ ಸಮಾಧಾನ.

ನಾಳೆ ಸೋಮವಾರ, ಆವಕ ಭಾಳ ಐತಿ ಅಂತಾರ, ಮುಂಜಾನೆ ಲಗೂ ಹೋಗಬೇಕು.

ಇಂತಿ,
ಮೆಣಸಿನಕಾಯಿ ಮಾರ್ಕೆಟ್ಟಿನ ಒಬ್ಬ ದಿವಾಣಜಿ
ಬ್ಯಾಡಗಿ, ಹಾವೇರಿ ಜಿಲ್ಲಾ