ಗೆಳೆಯನಿಗೊಂದು ಪತ್ರ: ಮೊದಲು ಬೆಳಕಿನ ಲೆಕ್ಕ, ಆಮೇಲೆ ವಲ್ಕನ್

ಮೈಸೂರು, ಭಾನುವಾರ

ಪ್ರೀತಿಯ ಗೆಳೆಯಾ,

ಕಂಪ್ಯೂಟರ್ ಗ್ರಾಫಿಕ್ಸ್ ಪ್ರೋಗ್ರಾಮಿಂಗ್ ಕಲಿಯೋಕೆ ಅಂತ ಮಂಡ್ಯದಿಂದ ನೀನು ಕಳಿಸಿದ ಪಟ್ಟಿ ನೋಡಿದೆ. ಗ್ರಾಫಿಕ್ಸ್ ಚಿಪ್‌ಗೆ ಕೆಲಸ ಹೇಳೋ ಓಪನ್‌ಜಿಎಲ್, ವಲ್ಕನ್, ಡೈರೆಕ್ಟ್‌ಎಕ್ಸ್ 12; ಗೇಮ್ ಎಂಜಿನ್‌ಗಳಾದ ಯೂನಿಟಿ, ಅನ್‌ರಿಯಲ್; ಬೆಳಕಿನ ಕಿರಣದ ದಾರಿ ಹಿಡಿದು ಚಿತ್ರ ಮೂಡಿಸೋ ರೇ ಟ್ರೇಸಿಂಗ್. ಎಲ್ಲಾನೂ ಒಂದೇ ವರ್ಷದಲ್ಲಾ? ಬೇಡ ಕಣೋ.

ನಾನು ನೇರ ವಲ್ಕನ್‌ಗೇ ಕೈ ಹಾಕಿದ್ದೆ. ಅದರಲ್ಲಿ ಪರದೆ ಮೇಲೆ ಒಂದು ತ್ರಿಕೋನ ಮೂಡಿಸೋಕೇ ಸಾವಿರದ ಆಸುಪಾಸು ಸಾಲು ಕೋಡ್ ಬೇಕು. ಬರೆದೆ, ಮೂಡಿತು, ಕುಣಿದಾಡಿದೆ. ಆಮೇಲೆ ಬೆಂಗಳೂರಲ್ಲಿ ಒಂದು ಇಂಟರ್‌ವ್ಯೂನಲ್ಲಿ, "ಗೋಡೆ ಮೇಲೆ ಬೆಳಕು ಎಷ್ಟು ಬೀಳುತ್ತೆ, ಹೇಗೆ ಲೆಕ್ಕ ಹಾಕ್ತೀರಿ?" ಅಂದ್ರು. ಬಾಯಿ ಕಟ್ಟಿಹೋಯ್ತು. ಗೋಡೆಯ ನಾರ್ಮಲ್‌ಗೂ (ಗೋಡೆಗೆ ಲಂಬವಾದ ದಿಕ್ಕು) ಬೆಳಕು ಬರೋ ದಿಕ್ಕಿಗೂ ಡಾಟ್ ಪ್ರಾಡಕ್ಟ್, ಅಷ್ಟೇ. ಪಿಯುಸಿಯಲ್ಲಿ ಮಾಡಿದ್ದ ವೆಕ್ಟರ್ ಪಾಠ.

ಇವತ್ತು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಿಂತು ನೀರನ್ನೇ ನೋಡ್ತಿದ್ದೆ. ಕಾಲಬುಡದಲ್ಲಿ ನೀರೊಳಗಿನ ಕಲ್ಲು, ಅದಕ್ಕೆ ಅಂಟಿದ ಪಾಚಿ ಕಾಣ್ತಿತ್ತು. ಕಣ್ಣು ದೂರ ಹೋದಂತೆ ಕಲ್ಲು ಮಾಯ, ಬರೀ ಆಕಾಶ. ನೀರು ಅದೇ, ನಾವು ನೋಡೋ ಕೋನ ಬೇರೆ. ನೇರ ಮೇಲಿಂದ ನೋಡಿದರೆ ನೀರು ಹಿಂದಕ್ಕೆ ಕಳಿಸೋದು ಬೆಳಕಿನ ಶೇ 2ರಷ್ಟು; ಓರೆಯಾದಷ್ಟೂ ಜಾಸ್ತಿ. ಇದಕ್ಕೆ ಫ್ರೆನೆಲ್ ಅಂತಾರೆ. 1994ರಲ್ಲಿ ಗ್ರಾಫಿಕ್ಸ್ ಸಂಶೋಧಕ ಶ್ಲಿಕ್ ಕೊಟ್ಟ ಸರಳ ಸೂತ್ರ ಹಾಕಿದರೆ ಶೇಡರ್‌ನಲ್ಲಿ, ಅಂದ್ರೆ ಪಿಕ್ಸೆಲ್‌ನ ಬಣ್ಣ ಲೆಕ್ಕ ಹಾಕೋ ಪುಟ್ಟ ಪ್ರೋಗ್ರಾಮಿನಲ್ಲಿ, ಒಂದೇ ಸಾಲು. ಇಂಥದ್ದು ಒಮ್ಮೆ ತಲೆಗೆ ಹತ್ತಿದರೆ ಶೇಡರ್ ಬರೆಯೋ ಭಾಷೆ ಜಿಎಲ್‌ಎಸ್‌ಎಲ್ ಆಗ್ಲಿ, ಎಚ್‌ಎಲ್‌ಎಸ್‌ಎಲ್ ಆಗ್ಲಿ, ಬದಲಾಗೋದು ಬರವಣಿಗೆ ಮಾತ್ರ.

ಅದಕ್ಕೇ ಹೇಳ್ತೀನಿ, ಸಿ++ ಜೊತೆ ಓಪನ್‌ಜಿಎಲ್ ಹಿಡಿ. ಅದರ ಕೊನೆಯ ಆವೃತ್ತಿ 4.6 ಬಂದದ್ದು 2017ರಲ್ಲಿ, ಹಳೇದು ಅಂತ ಯಾರಾದ್ರೂ ಹೇಳ್ತಾರೆ. ನಿಜವೇ. ಆದರೆ ಬೆಳಕು, ನೆರಳು, ಟೆಕ್ಸ್ಚರ್ (ಮೇಲ್ಮೈಗೆ ಹಚ್ಚೋ ಚಿತ್ರ) ಕಲಿಯೋಕೆ ಅಷ್ಟು ಸಾಕು. ವಲ್ಕನ್ ಆಮೇಲೆ ತಾನಾಗೇ ಅರ್ಥವಾಗುತ್ತೆ. ರೇ ಟ್ರೇಸಿಂಗ್ ಸದ್ಯಕ್ಕೆ ಪಕ್ಕಕ್ಕಿಡು.

ಇನ್ನೊಂದು, ಅಳೆಯೋದು ಕಲಿ. ಸೆಕೆಂಡಿಗೆ 60 ಫ್ರೇಮ್ ಬೇಕು ಅಂದ್ರೆ ಒಂದು ಫ್ರೇಮಿಗೆ ಸಿಗೋದು 16.6 ಮಿಲಿಸೆಕೆಂಡ್. ಹೊಗೆ, ಆವಿ ಥರದ ಪಾರದರ್ಶಕ ಪದರಗಳನ್ನ ಒಂದರ ಮೇಲೊಂದು ಹಾಕಿದರೆ ಅದೇ ಪಿಕ್ಸೆಲ್‌ಗೆ ಮತ್ತೆ ಮತ್ತೆ ಬಣ್ಣ ಬಳಿಯಬೇಕಾಗಿ ಸಾದಾ ಫೋನು ಏದುಸಿರು ಬಿಡುತ್ತೆ. ಫ್ರೇಮ್ ಹೇಗೆ ಮೂಡಿತು ಅಂತ ತೋರಿಸೋ ರೆಂಡರ್‌ಡಾಕ್ ಅನ್ನೋ ಸಾಧನ ಪುಕ್ಕಟೆ ಸಿಗುತ್ತೆ. ಒಂದು ಫ್ರೇಮ್ ಹಿಡಿದು, ಯಾವ ಡ್ರಾ ಕಾಲ್ (ಚಿಪ್‌ಗೆ ಕೊಡೋ 'ಇದನ್ನ ಬಿಡಿಸು' ಅನ್ನೋ ಆದೇಶ) ಏನು ಬಿಡಿಸಿತು ಅಂತ ಒಂದೊಂದಾಗಿ ಬಿಚ್ಚಿ ನೋಡು.

ನಿಮ್ಮೂರ ನಾಲೆ ನೀರನ್ನೇ ಮಾಡು, ದಡದ ಕಬ್ಬಿನ ಗದ್ದೆ ಪ್ರತಿಬಿಂಬದ ಸಮೇತ. ನಿನ್ನ ಹಳೇ ಫೋನಲ್ಲಿ ಅದು ಎಷ್ಟು ಮಿಲಿಸೆಕೆಂಡ್ ತಿಂತು ಅಂತ ಬರೆದು ಕಳಿಸು. ಕಾಯ್ತಿರ್ತೀನಿ.

ನಿನ್ನ ಗೆಳೆಯ