ಆ ಸುದ್ದಿಯಲ್ಲಿ ಸ್ಕೋರ್ ಇರಲಿಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಜಗತ್ತಿನ ಚಿತ್ರವಿಚಿತ್ರ ಆಟಗಳೆಂದು ಅರ್ಧ ಪುಟ ಬಂದಿತ್ತು. ಹೆಂಡತಿಯನ್ನು ಹೊತ್ತು ಓಡುವ ಫಿನ್ಲೆಂಡಿನ ಗಂಡಂದಿರು, ಗುಡ್ಡದಿಂದ ಉರುಳಿಬಿಟ್ಟ ಚೀಸ್ ಗಾಲಿಯ ಹಿಂದೆ ಬಿದ್ದೆದ್ದು ಓಡುವ ಇಂಗ್ಲೆಂಡಿನ ಹುಡುಗರು. ಇವರ ನಡುವೆ ನಾಲ್ಕೇ ಸಾಲು: 2007ರಲ್ಲಿ ಅರ್ಜೆಂಟೀನಾದಲ್ಲಿ ಸಲಿಂಗಿಗಳ ಫುಟ್‌ಬಾಲ್ ವಿಶ್ವಕಪ್ ಕೂಡ ನಡೆದಿತ್ತಂತೆ! ಪಕ್ಕದಲ್ಲಿ ತುಟಿಗೆ ಬಣ್ಣ ಬಳಿದುಕೊಂಡ ಚೆಂಡಿನ ಕಾರ್ಟೂನು.

ನಾನು ಕಾರ್ಖಾನೆಯ ನೌಕರಿ ಮಾಡಿಕೊಂಡು ಬೆಂಗಳೂರಿನ ಮೈದಾನಗಳಲ್ಲಿ 22 ವರ್ಷ ಸೀಟಿ ಊದಿದವನು. ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಕಾರ್ಟೂನಲ್ಲ, ಸ್ಕೋರ್ ಇಲ್ಲದ್ದು. ಯಾರಿಗೂ ಯಾರಿಗೂ ಆಟ, ಗೆದ್ದವರು ಯಾರು, ಒಂದಕ್ಷರವಿಲ್ಲ. ಮೂರನೇ ಡಿವಿಷನ್ ಲೀಗಿನ ಮಳೆಗೆ ನಿಂತ ಪಂದ್ಯಕ್ಕೂ ನಿಮ್ಮವರು ಸ್ಕೋರ್ ಹಾಕಿದ್ದನ್ನು ನೋಡಿದ್ದೇನೆ.

ಹಾಗಾಗಿ ಬಿಟ್ಟುಹೋದದ್ದನ್ನು ನಾನೇ ಬರೆಯುತ್ತೇನೆ. ಟೂರ್ನಿ ನಡೆದದ್ದು ಬ್ಯೂನಸ್ ಐರಿಸ್‌ನಲ್ಲಿ, ಸೆಪ್ಟೆಂಬರ್ ತಿಂಗಳು. ನಡೆಸಿದ್ದು 1992ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಗೇ ಅಂಡ್ ಲೆಸ್ಬಿಯನ್ ಫುಟ್‌ಬಾಲ್ ಅಸೋಸಿಯೇಷನ್. ಫೈನಲ್‌ನಲ್ಲಿ ಆತಿಥೇಯರ ಲಾಸ್ ಡೋಗೋಸ್ 1, ಲಂಡನ್ನಿನ ಸ್ಟೋನ್‌ವಾಲ್ ಲಯನ್ಸ್ 0. (ಡೋಗೊ ಅಂದರೆ ಕಾಡುಹಂದಿ ಬೇಟೆಗೆಂದು ಅಲ್ಲಿ ಬೆಳೆಸಿದ ನಾಯಿ ತಳಿ. ತುಟಿಗೆ ಬಣ್ಣ ಹಚ್ಚುವ ಜಾತಿಯದ್ದಲ್ಲ.)

ಅವರಿಗ್ಯಾಕೆ ಬೇರೆ ಟೂರ್ನಿ ಎಂದು ನಮ್ಮ ವಾಕಿಂಗ್ ಗುಂಪಿನ ಸ್ನೇಹಿತರೊಬ್ಬರು ಕೇಳಿದರು. ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಶುರುಮಾಡಿದ ಹಾಕಿ ಹಬ್ಬದಲ್ಲಿ ಮನೆತನಕ್ಕೊಂದು ತಂಡ. 2024ರಲ್ಲಿ ನಾಪೋಕ್ಲುವಿಗೆ ಬಂದದ್ದು 360 ತಂಡ. ಒಂದೇ ಮನೆತನದವರು ಬೇರೆ ಯಾಕೆ ಆಡಬೇಕು ಎಂದು ನಾವು ಯಾರೂ ಕೇಳಲಿಲ್ಲ, ಹೆಮ್ಮೆಪಟ್ಟೆವು. ಬೆಂಗಳೂರಿನ ಫುಟ್‌ಬಾಲೇ ಕಾರ್ಖಾನೆಗೊಂದು, ಬ್ಯಾಂಕಿಗೊಂದು ತಂಡ ಕಟ್ಟಿಕೊಂಡು ಬೆಳೆದದ್ದು. ಜೊತೆಯವರು ಸಿಕ್ಕ ಕಡೆ ತಂಡ ಕಟ್ಟುತ್ತಾರೆ, ಅಷ್ಟೇ. ಇವರದ್ದರಲ್ಲಿ ಒಂದು ವ್ಯತ್ಯಾಸವಿದೆ, ಒಪ್ಪುತ್ತೇನೆ. ಇವರಲ್ಲಿ ಎಷ್ಟೋ ಜನ ಬೇರೆ ಕಡೆ ಆಡಿ, ಅಲ್ಲಿ ಬಾಳಲಾಗದೆ ಬಂದವರು. ಫೈನಲ್ ಆಡಿದ ಆ ಲಂಡನ್ನಿನ ಸ್ಟೋನ್‌ವಾಲ್ ಕ್ಲಬ್ಬನ್ನು 1991ರಲ್ಲಿ ಕಟ್ಟಿದವರಲ್ಲಿ ಒಬ್ಬರು ಆಸ್ಲಿ ಪಿಟರ್. ಇವರು ಗೇ ಎಂದು ಗೊತ್ತಾದ ಮೇಲೆ ಹಳೆಯ ತಂಡದವರು ಕೆಳಗಿನ ತಂಡಕ್ಕೆ ದೂಡಿದ್ದರು. ಮುಂದೆ 2011ರಲ್ಲಿ ಅವರಿಗೆ ಬ್ರಿಟನ್ನಿನ ಎಂಬಿಇ ಗೌರವ ಬಂತು. 2019ರಲ್ಲಿ ಸ್ಟೋನ್‌ವಾಲ್‌ನವರು ಇಂಗ್ಲೆಂಡಿನ ರಾಷ್ಟ್ರೀಯ ಕ್ರೀಡಾಂಗಣವಾದ ವೆಂಬ್ಲಿಯಲ್ಲೇ ಒಂದು ಪಂದ್ಯ ಆಡಿದರು. ದೊಡ್ಡ ಕ್ಲಬ್ಬುಗಳಲ್ಲಿ ಇದ್ದು ಎದುರಿಸಿದವರ ಕಥೆ ಬೇರೆ. ಜಸ್ಟಿನ್ ಫಶಾನು 1981ರಲ್ಲಿ ಹತ್ತು ಲಕ್ಷ ಪೌಂಡಿಗೆ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸೇರಿದ ಆಟಗಾರ, 1990ರಲ್ಲಿ ತಾನು ಗೇ ಎಂದು ಬಹಿರಂಗವಾಗಿ ಹೇಳಿದರು, 1998ರಲ್ಲಿ ಜೀವ ಕಳೆದುಕೊಂಡರು.

ಇಷ್ಟೆಲ್ಲ ಬರೆಯಲು ನನಗೆ ಏನು ಅಧಿಕಾರ ಎಂದು ಕೇಳಿದರೆ, ಅಧಿಕಾರವಲ್ಲ, ಋಣ. 1987ರ ಸುಮಾರಿಗೆ ನಗರದ ಪೂರ್ವ ಭಾಗದ ಒಂದು ಮೈದಾನದಲ್ಲಿ ನಾನು ಊದಿದ ಪಂದ್ಯ. ಒಂದು ತಂಡದ ಸೆಂಟರ್ ಫಾರ್ವರ್ಡ್‌ಗೆ ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ಎರಡೂ ಕಾಲಲ್ಲಿ ಹೊಡೆಯುತ್ತಿದ್ದ. ನಡಿಗೆ, ಮಾತು ಸ್ವಲ್ಪ ನಾಜೂಕು. ಸೆಂಟರ್ ಫಾರ್ವರ್ಡ್ ಅಂದಮೇಲೆ ಬೆನ್ನ ಮೇಲೆ ನಂಬರ್ 9. ಚೆಂಡು ಅವನ ಕಾಲಿಗೆ ಬಂದಾಗಲೆಲ್ಲ ಕಾಂಪೌಂಡ್ ಗೋಡೆ ಮೇಲೆ ಕೂತವರು 'ಒಂಬತ್ತೂ... ಒಂಬತ್ತೂ' ಎಂದು ರಾಗ ಎಳೆಯುತ್ತಿದ್ದರು. ಆ ಪದಕ್ಕೆ ನಮ್ಮಲ್ಲಿ ಇನ್ನೇನು ಅರ್ಥ ಎಂದು ಕನ್ನಡ ಪತ್ರಿಕೆಯ ಓದುಗರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಹಾಫ್ ಟೈಮಿನಲ್ಲಿ ಲೈನ್ಸ್‌ಮನ್ ಹುಡುಗ ನನ್ನ ಹತ್ತಿರ ಬಂದು, "ಸಾರ್, ಅವ್ರು ಕರೀತಿರೋದು ನಂಬರ್ ಅಲ್ಲ" ಅಂದ. "ಬೆನ್ ಮೇಲಿರೋದೇ ತಾನೇ ಕರೀತಿರೋದು, ಬಿಡಪ್ಪ" ಅಂದೆ. ಎಂಥ ಒಳ್ಳೆಯ ನೆಪ ಸಿಕ್ಕಿತ್ತು ನೋಡಿ. ಆಮೇಲೆ ಎದುರು ತಂಡದ ಸ್ಟಾಪರ್, ಅಂದರೆ ಇವನನ್ನು ತಡೆಯಲು ನಿಂತ ಡಿಫೆಂಡರ್ ಕೂಡ ಅದೇ ಪದ ಶುರುಮಾಡಿದ, ನನ್ನ ಕಿವಿಗೆ ಬೀಳುವಷ್ಟು ಹತ್ತಿರದಲ್ಲೇ. ಬೈದವನನ್ನು ಹೊರಗೆ ಕಳಿಸು ಎಂದು ಹನ್ನೆರಡನೇ ನಿಯಮ ಹೇಳುತ್ತದೆ. ಕೆಂಪು ಕಾರ್ಡು ಜೇಬಿನಲ್ಲೇ ಇತ್ತು. ಕೈ ಹೋಗಲಿಲ್ಲ.

ಎರಡು ವಾರದ ಮೇಲೆ ಅದೇ ತಂಡದ ಇನ್ನೊಂದು ಪಂದ್ಯ. ಹುಡುಗ 14ನೇ ನಂಬರಿನ, ಅಳತೆಗೆ ದೊಡ್ಡದಾದ ಜೆರ್ಸಿ ಹಾಕಿಕೊಂಡು ಬಂದಿದ್ದ. ಪಟ್ಟಿ ಹಿಡಿದುಕೊಂಡಿದ್ದ ನಾನು ಗಟ್ಟಿಯಾಗಿ, "ಒಂಬತ್ತು ಎಲ್ಲಿ?" ಎಂದು ಕೇಳಿಬಿಟ್ಟೆ. ಎರಡೂ ತಂಡದವರು ಬಿದ್ದು ಬಿದ್ದು ನಕ್ಕರು. "ಅದನ್ನ ಹಾಕ್ಕೊಳಲ್ಲ ಅಂತಾನೆ ಸಾರ್" ಅಂದ ಮ್ಯಾನೇಜರ್. ಆ ಸೀಸನ್ ಮುಗಿದ ಮೇಲೆ ಆ ಹುಡುಗನನ್ನು ನಾನು ಯಾವ ಮೈದಾನದಲ್ಲೂ ಕಾಣಲಿಲ್ಲ. ಅವನು ಏನಾಗಿದ್ದ, ಏನಾಗಿರಲಿಲ್ಲ, ನನಗೆ ಗೊತ್ತಿಲ್ಲ. ರೆಫರಿಗೆ ಅದು ಬೇಕಾಗಿಯೂ ಇಲ್ಲ.

ಕೆಲವು ವರ್ಷಗಳ ಹಿಂದೆ ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಅವಳ ಆಫೀಸಿನ ಗೆಳೆಯ ಸ್ಟೋನ್‌ವಾಲ್‌ನ ಒಂದು ತಂಡಕ್ಕೆ ಗೋಲ್‌ಕೀಪರ್ ಎಂದು ತಿಳಿದು ಆಟ ನೋಡಲು ಹೋದೆವು. ಜಡಿ ಮಳೆ, ಕೆಸರು, ಫ್ಲಾಸ್ಕಿನಲ್ಲಿ ಮಗಳು ತಂದ ಕಾಫಿ. ಆಟ ಸಾಧಾರಣ. ಲೆಫ್ಟ್ ಬ್ಯಾಕ್‌ಗೆ ಓಡಲು ಮನಸ್ಸೇ ಇರಲಿಲ್ಲ. ಒಂದು ಆಫ್‌ಸೈಡ್ ತಪ್ಪು ಕೊಟ್ಟಾಗ ನಾನು ಅಭ್ಯಾಸಬಲದಿಂದ ಕನ್ನಡದಲ್ಲೇ ಕೂಗಿದೆ. "ಅಪ್ಪಾ, ಸುಮ್ನಿರಿ" ಎಂದು ಮಗಳು ತೋಳು ಜಗ್ಗಿದಳು. ನನ್ನ ಕಣ್ಣು ಮಾತ್ರ ಮತ್ತೆ ಮತ್ತೆ ಅವರ ನಂಬರ್ 9ರ ಮೇಲೆಯೇ. ಅವನು ಖಾಲಿ ಗೋಲಿನ ಮುಂದೆ ಎರಡು ಸಲ ಹೊರಗೆ ಹೊಡೆದ. ಜೊತೆಯವರು ಬಾಯಿಗೆ ಬಂದಂತೆ ಬೈದರು, ಗೋಲು ತಪ್ಪಿಸಿದ್ದಕ್ಕೆ. ಬೈಸಿಕೊಂಡವನು ಕೆಸರು ಒರೆಸಿಕೊಂಡು ಮತ್ತೆ ಚೆಂಡು ಕೇಳಿದ.

ದೂರದ ಮಾತು ಎಂದುಕೊಳ್ಳಬೇಡಿ. ನಮ್ಮ ಮಣಿಪುರದ ಇಂಫಾಲದಲ್ಲೇ ಟ್ರಾನ್ಸ್ ಪುರುಷರು 2020ರಲ್ಲಿ ತಮ್ಮದೇ ಫುಟ್‌ಬಾಲ್ ತಂಡ ಕಟ್ಟಿದರು. ಅವರ ಸುದ್ದಿಯೂ ಒಂದು ದಿನ ನಿಮ್ಮ ಮೇಜಿಗೆ ಬರುತ್ತದೆ. ಬಂದಾಗ ದಯವಿಟ್ಟು ಅದನ್ನು ಚೀಸ್ ಗಾಲಿಯ ಪಕ್ಕದಲ್ಲಿ ಇಡಬೇಡಿ, ಕ್ರೀಡಾ ಪುಟಕ್ಕೆ ಕಳಿಸಿ, ಸ್ಕೋರ್ ಹಾಕಿ. ಗೋಲು ಹೊಡೆದವರ ಹೆಸರೂ ಇರಲಿ. ಹೆಸರು ಸಿಗದಿದ್ದರೆ ಜೆರ್ಸಿಯ ನಂಬರಾದರೂ ಹಾಕಿ.

— ನಿವೃತ್ತ ರೆಫರಿ, ಜೀವನ್‌ಭೀಮಾನಗರ, ಬೆಂಗಳೂರು